ರಜೆಯ ಓದು: ಊಟವಿದ್ದಲ್ಲಿ ಪುಸ್ತಕವೂ ಇರಲಿ

ಏಪ್ರಿಲ್ ಎರಡನೇ ವಾರ ಬೀಗ ಬಿದ್ದರೆ ನಮ್ಮ ಸರ್ಕಾರಿ ಶಾಲೆಗಳ ಬಾಗಿಲು ಮತ್ತೆ ತೆರೆಯುವುದು ಮೇ ಕೊನೆಗೆ. ಈ ಏಳು ವಾರಗಳು ಎಲ್ಲ ಮಕ್ಕಳಿಗೂ ಒಂದೇ ತರಹ ಕಳೆಯುವುದಿಲ್ಲ. ಗದಗ ಶಹರದಲ್ಲಿ ಶುಲ್ಕ ಕಟ್ಟಬಲ್ಲ ಮನೆಯ ಮಕ್ಕಳು ಚಿತ್ರಕಲೆ, ಕರಾಟೆ, ಅಬಾಕಸ್ ಶಿಬಿರಗಳಿಗೆ ಹೋಗುತ್ತಾರೆ. ಬೆಟಗೇರಿಯ ನೇಕಾರರ ಓಣಿಯ ಮಗು ಮಗ್ಗದ ಬದಿಗೆ ಕೂರುತ್ತದೆ. ಶಿರಹಟ್ಟಿ, ಮುಂಡರಗಿ ತಾಂಡಾಗಳ ಮಗು ಗುಳೆ ಹೊರಟ ಅಪ್ಪ-ಅವ್ವನ ಬೆನ್ನು ಹತ್ತುತ್ತದೆ. ರಜೆಯ ಕಲಿಕೆಗೆ ಮಾಡಿದ ಯಾವುದೇ ಏರ್ಪಾಡು ಈ ಮಕ್ಕಳನ್ನು ಎಷ್ಟು ಮುಟ್ಟಿದೆ ಎಂಬುದೇ ಅದರ ಬೆಲೆ ಕಟ್ಟುವ ಅಳತೆ.

ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಬೇಸಿಗೆ ರಜೆಯಲ್ಲಿ ಸರಾಸರಿ ಒಂದು ತಿಂಗಳ ಕಲಿಕೆ ಜಾರುವುದು ಕಂಡಿತು. ನಷ್ಟ ಗಣಿತದಲ್ಲಿ ಹೆಚ್ಚು. ಓದಿನಲ್ಲಿ ಬಡವರ ಮಕ್ಕಳಿಗೇ ಪೆಟ್ಟು. ಎಷ್ಟು ಜಾರುತ್ತದೆ ಎಂಬ ಬಗ್ಗೆ ಮುಂದಿನ ಸಂಶೋಧಕರಲ್ಲಿ ತಕರಾರಿದೆ. ಆದರೆ ಪುಸ್ತಕವೇ ಇಲ್ಲದ ಮನೆಯಲ್ಲಿ ಏಳು ವಾರ ಅಕ್ಷರ ಕಾಣದ ಮಗುವಿಗೆ ಓದು ತೊಡರುತ್ತದೆ ಎಂಬುದಕ್ಕೆ ಜೂನ್ ತಿಂಗಳ ಯಾವ ತರಗತಿಯಾದರೂ ಸಾಕ್ಷಿ.

ಈ ಮಕ್ಕಳನ್ನು ರಜೆಯಲ್ಲೂ ಶಾಲೆಗೆ ಕರೆತರುವ ಒಂದು ಏರ್ಪಾಡು ಈಗಾಗಲೇ ಇದೆ, ಅದು ಊಟ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲಿ ಆದೇಶಿಸಿತು. ಅದರ ಫಲ 2024ರಲ್ಲೂ ಕಂಡಿತು: ರಾಜ್ಯದ 223 ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯ 41 ದಿನ ಒಲೆ ಹೊತ್ತಿತು. ಮನಸ್ಸು ಮಾಡಿದರೆ ಉರಿಬಿಸಿಲಲ್ಲೂ ಶಾಲೆಯ ಬಾಗಿಲು ತೆರೆಯಬಹುದೆಂದು ಇದು ತೋರಿಸಿಕೊಟ್ಟಿತು. ಇದು ದೊಡ್ಡ ಸಾಧನೆ. ಆದರೆ ಅದರ ಗುರಿ ಹಸಿವು ನೀಗುವುದಷ್ಟೇ. ಊಟಕ್ಕೆ ಬಂದ ಮಗುವನ್ನು ಓದಿಗೂ ಕೂರಿಸುವ ಯೋಚನೆ 2017ರಲ್ಲೇ ‘ಸ್ವಲ್ಪ ಓದು, ಸ್ವಲ್ಪ ಮೋಜು’ ಹೆಸರಿನ ಸರ್ಕಾರಿ ಕಾರ್ಯಕ್ರಮವಾಗಿ ಬಂದಿತ್ತು. ಒಳ್ಳೆಯ ಯೋಚನೆ. ಪ್ರತಿ ಬೇಸಿಗೆಯ ಪದ್ಧತಿಯಾಗಿ ಅದು ಬೇರೂರದೆ ಹೋದದ್ದು ನಮಗಾದ ನಷ್ಟ.

ಹೆಚ್ಚು ಭರವಸೆ ಮೂಡಿಸುವುದು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು, ಅಂದರೆ ಇಂದಿನ ಅರಿವು ಕೇಂದ್ರಗಳು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಇತ್ತೀಚೆಗೆ ಅಲ್ಲಿ ಬೇಸಿಗೆ ಶಿಬಿರಗಳೂ ನಡೆಯುತ್ತಿವೆ. ಕೇಂದ್ರ ಹತ್ತಿರವಿದೆ, ಖರ್ಚಿಲ್ಲ, ಪರೀಕ್ಷೆಯ ಅಂಜಿಕೆಯಿಲ್ಲ. ಕೊರತೆಯಿರುವುದು ಅವಧಿಯಲ್ಲಿ. ನಾಲ್ಕಾರು ದಿನ ಕಾಗದ ಕತ್ತರಿಸಿ, ಹಾಡು ಹೇಳಿಸಿ, ಸಮಾರೋಪದ ಫೋಟೊ ತೆಗೆದರೆ ಶಿಬಿರ ಮುಗಿಯಿತು, ಓದು ಮುಗಿಯಬಾರದಲ್ಲ! ಇನ್ನೊಂದು ಕೊರತೆ ಊರನ್ನೇ ಮರೆಯುವುದು. ಲಕ್ಷ್ಮೇಶ್ವರದ ಮಗು ಸೋಮೇಶ್ವರ ಗುಡಿಯ ಶಾಸನದ ಮುಂದೆ ನಿಂತು ಪ್ರಶ್ನೆ ಕೇಳಬೇಕು. ಮುಂಡರಗಿಯ ಮಗು ಬೆಳಗಿನ ತಂಪಿನಲ್ಲಿ ಕಪ್ಪತಗುಡ್ಡದ ಗಿಡಮೂಲಿಕೆಗಳನ್ನು ಗುರುತಿಸಿ ಬರೆದಿಡಬೇಕು. ಪಠ್ಯದ ಪ್ರಶ್ನೋತ್ತರ ನಕಲು ಮಾಡಿಸುವ ರಜೆಯ ಹೋಂವರ್ಕ್‌ನಿಂದ ಕೈ ನೋಯುತ್ತದೆ, ಓದಿನ ರುಚಿ ಹತ್ತುವುದಿಲ್ಲ.

ವರ್ಷವಿಡೀ ದುಡಿದ ಶಿಕ್ಷಕರ ರಜೆ ಕಸಿಯಬೇಕಿಲ್ಲ. ನಾಗಾವಿಯ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಊರಿನ ಕಾಲೇಜು ಯುವಕ-ಯುವತಿಯರು ಗೌರವಧನ ಪಡೆದು ಮಕ್ಕಳನ್ನು ಓದಿಸುವ ಈ ಕೆಲಸ ಮಾಡಬಲ್ಲರು. ಬೆಳಿಗ್ಗೆ ಎರಡು ತಾಸು ಓದು, ಆಟ, ಲೆಕ್ಕ, ಆಮೇಲೆ ಊಟ, ಮನೆಗೆ ಹೋಗುವಾಗ ಒಂದು ಪುಸ್ತಕ. ಗುಳೆ ಹೋಗುವ ಮಗುವಿನ ಚೀಲದಲ್ಲಿ ನಾಲ್ಕು ಪುಸ್ತಕ. ಬರ ಘೋಷಣೆಗೆ ಕಾಯದೆ ಪ್ರತಿ ಬೇಸಿಗೆಯೂ ಪೂರ್ತಿ ಏಳು ವಾರ ಇದು ನಡೆಯಬೇಕು. ಅಡುಗೆಮನೆಯೂ ಗ್ರಂಥಾಲಯವೂ ಊರಲ್ಲೇ ಇವೆ. ಎರಡನ್ನೂ ಜೋಡಿಸುವ ಒಂದು ಆದೇಶ ಮತ್ತು ಅದಕ್ಕೊಂದಿಷ್ಟು ಹಣ ಬೇಕಾಗಿದೆ.