ಮಹಾವೀರಾಚಾರ್ಯನ ಗುಣಧನಸೂತ್ರವೂ ಘಾತಾಂಕದ ನಿಯಮವೂ

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವನ್ನು ಎಂ. ರಂಗಾಚಾರ್ಯರು 1912ರಲ್ಲಿ ಇಂಗ್ಲಿಷ್ ಅನುವಾದದೊಡನೆ ಮದರಾಸಿನಿಂದ ಪ್ರಕಟಿಸಿದರು. ಅವರ ಉಪಕಾರ ಸ್ಮರಣೀಯವಾದುದು. ಆದರೆ ಅಂದಿನಿಂದ ಅದರ ಸೂತ್ರಗಳನ್ನು ಇಂದಿನ ಬೀಜಗಣಿತದ ಚಿಹ್ನೆಗಳಿಗೆ ಇಳಿಸಿ ಓದುವ ರೂಢಿಯು ಬಲಿತಿದೆ. ಇದರಿಂದ ಲಭಿಸುವುದು ಫಲ ಮಾತ್ರ, ಕ್ರಮವು ಮರೆಯಾಗುತ್ತದೆ.

ಗುಣಧನದ ಸೂತ್ರವನ್ನೇ ನೋಡಬಹುದು. ಪದಸಂಖ್ಯೆಯು ಸಮವಾದರೆ ಅರ್ಧಿಸಿ ಸೊನ್ನೆಯನ್ನೂ, ವಿಷಮವಾದರೆ ಒಂದನ್ನು ಕಳೆದು ಒಂದನ್ನೂ ಗುರುತು ಮಾಡಬೇಕು. ಅನಂತರ ಒಂದರಿಂದ ಆರಂಭಿಸಿ ಗುರುತುಗಳನ್ನು ಹಿಮ್ಮುಖವಾಗಿ ಅನುಸರಿಸುತ್ತ, ಸೊನ್ನೆಯಿದ್ದಲ್ಲಿ ವರ್ಗಿಸಿ, ಒಂದಿದ್ದಲ್ಲಿ ಗುಣೋತ್ತರದಿಂದ ಗುಣಿಸಬೇಕು. ಗುಣೋತ್ತರವು 2, ಪದಸಂಖ್ಯೆಯು 13 ಆದರೆ 13, 12, 6, 3, 2, 1, 0 ಎಂದು ಇಳಿದು, 2, 4, 8, 64, 4096, 8192 ಎಂದು ಏರುತ್ತೇವೆ. ವರ್ಗಿಸಿದಾಗ ಘಾತಾಂಕವು ಇಮ್ಮಡಿಯಾಗುತ್ತದೆ, ಒಮ್ಮೆ ಗುಣಿಸಿದಾಗ ಒಂದು ಹೆಚ್ಚುತ್ತದೆ ಎಂಬುದೇ ಇಲ್ಲಿನ ಆಧಾರ. ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಲ್ಲಿ ‘ಘಾತಾಂಕಗಳನ್ನು ಕೂಡು’ ಎಂಬುದನ್ನು ಮಗ್ಗಿಯಂತೆ ಉರುಹೊಡೆದ ನನಗೆ ಅದರ ಕಾರಣವು ಹೊಳೆದುದು, ಇತಿಹಾಸದ ಅಧ್ಯಾಪಕನಾದ ಮೇಲೆ, ಈ ಸೂತ್ರದಿಂದ!

ಆದರೂ ಘಾತಾಂಕದ ಸಾಮಾನ್ಯ ನಿಯಮವನ್ನೇ ಮಹಾವೀರನು ಕಂಡುಹಿಡಿದನೆಂದು ಸಾರುವುದು ಯುಕ್ತವಲ್ಲ. ಆತನು ಹೇಳಿರುವುದು ಲೆಕ್ಕದ ವಿಧಾನವನ್ನು. ಆ ವಿಧಾನವೂ ಆತನದಲ್ಲ. ವೃತ್ತಗಳ ಸಂಖ್ಯೆಯನ್ನು ಎಣಿಸಲು ಪಿಂಗಲನ ಛಂದಃಶಾಸ್ತ್ರದಲ್ಲಿಯೇ ಅದು ಬಂದಿದೆ. ಘಾತಾಂಕವನ್ನು ಮೇಲ್ಗಡೆ ಚಿಕ್ಕದಾಗಿ ಬರೆಯುವ ಇಂದಿನ ಪದ್ಧತಿಯು ನೆಲೆಗೊಂಡುದು 1637ರ ಡೆಕಾರ್ಟನ ಗ್ರಂಥದಿಂದ. ಆ ಚಿಹ್ನೆಯನ್ನು ಒಂಬತ್ತನೆಯ ಶತಮಾನದ ಶ್ಲೋಕಕ್ಕೆ ತೊಡಿಸುವಾಗ ವ್ಯಾಖ್ಯಾನಕಾರನು ಸೊನ್ನೆ, ಒಂದುಗಳ ಆ ಪಟ್ಟಿಯನ್ನೂ ಪಕ್ಕದಲ್ಲಿ ಬರೆದು ತೋರಿಸತಕ್ಕದ್ದು.