ಜಗನ್ನಾಥ ಊರಿಗೆ ಬಂದರೆ ಎಲ್ಲಿ ನಿಲ್ಲಬೇಕು?

ಕಳೆದ ಯುಗಾದಿಯ ದಿನ ದೊಡ್ಡಪ್ಪನ ಮಗ ಅಮೆರಿಕದಿಂದ ಫೋನ್ ಮಾಡಿದ್ದ. ಬೇವು ಬೆಲ್ಲದ ಮಾತೆಲ್ಲ ಮುಗಿದ ಮೇಲೆ, 'ಮುಂದಿನ ಪಂಚಾಯ್ತಿ ಎಲೆಕ್ಷನ್‌ಗೆ ನಮ್ಮ ಬೀದಿಯಿಂದ ಓದಿದ ಹುಡುಗನ್ನ ಒಬ್ಬನ್ನ ನಿಲ್ಸು ಕಣವ್ವ. ಖರ್ಚು ನಾನ್ ನೋಡ್ಕತೀನಿ. ಊರು ಬದಲಾಗ್ಬೇಕು' ಅಂದ. ಸ್ಪೀಕರ್ ಆನ್ ಆಗಿತ್ತು. ಒಬ್ಬಟ್ಟು ಬೇಯಿಸುತ್ತಿದ್ದ ಅವ್ವ ಎಲ್ಲವನ್ನೂ ಕೇಳಿಸಿಕೊಂಡು, ಫೋನಿಟ್ಟ ಮೇಲೆ ಒಂದೇ ಮಾತು ಕೇಳಿದಳು: 'ಗೆದ್ದವ ಆಮೇಲ ಯಾರ ಮಾತ ಕೇಳನು? ಬೀದಿಯವರ್ದ, ದುಡ್ಡ ಕೊಟ್ಟವರ್ದ?'

ನಂಜನಗೂಡಿನಿಂದ ತಿ. ನರಸೀಪುರದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಅಣ್ಣ ಅಲ್ಲಿಂದ ಹೊರಟು ಹದಿನೈದು ವರ್ಷವಾಯಿತು. ನಾನು ಎಂ.ಎ. ಓದಿದ್ದು ಅವನ ದುಡ್ಡಿನಲ್ಲಿ. ಈ ಲೇಖನ ಟೈಪಾಗುತ್ತಿರುವ ಲ್ಯಾಪ್‌ಟಾಪ್ ಅವನು ಕೊಡಿಸಿದ್ದು. ಆದ್ದರಿಂದ ಅವ್ವನ ಪ್ರಶ್ನೆ ನನ್ನನ್ನೂ ಚುಚ್ಚಿತು. ದೂರದಲ್ಲಿರುವವರು ಊರಿನ ರಾಜಕೀಯವನ್ನು ಬದಲಿಸಲು ಏನು ಮಾಡಬಹುದು, ಏನು ಮಾಡಬಾರದು? ಸಂಶೋಧನೆಗೆಂದು ಮತ್ತೆ ಓದುತ್ತಿದ್ದ ಅನಂತಮೂರ್ತಿಯವರ 'ಭಾರತೀಪುರ' ಆ ವಾರ ನನಗೆ ಬೇರೆಯೇ ಕಾದಂಬರಿಯಾಗಿ ಕಂಡಿತು.

'ಭಾರತೀಪುರ' ಪ್ರಕಟವಾದದ್ದು 1973ರಲ್ಲಿ. ಇಂಗ್ಲೆಂಡಿನಲ್ಲಿ ಓದಿ ಮರಳಿದ ಜಮೀನ್ದಾರ ಜಗನ್ನಾಥ, ತನ್ನೂರಿನ ಹೊಲೆಯರನ್ನು ಮಂಜುನಾಥನ ಗುಡಿಯೊಳಕ್ಕೆ ಕರೆದೊಯ್ಯಬೇಕೆಂದು ಹೊರಡುವ ಕಥೆ. ನಮ್ಮಲ್ಲಿ ಇದನ್ನು ನವ್ಯದ ಚೌಕಟ್ಟಿನಲ್ಲಿ, ಅಸ್ತಿತ್ವದ ಹುಡುಕಾಟವೆಂದೋ ನಂಬಿಕೆ ಮತ್ತು ವೈಚಾರಿಕತೆಯ ಜಗಳವೆಂದೋ ಪಾಠ ಮಾಡುತ್ತಾರೆ. ಆದರೆ ಇದು ವಿದೇಶದಿಂದ ಬಂದವನೊಬ್ಬ ಊರನ್ನು ಬದಲಿಸಲು ಹೊರಟು ಎಡವುವ ಕಥೆಯೂ ಹೌದು. ಬರೆದವರು ಸ್ವತಃ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡಿ ಬಂದವರು. ಆ ದೂರದಿಂದ ಊರು ಹೇಗೆ ಕಾಣುತ್ತದೆಂದು ಅವರಿಗೆ ಗೊತ್ತಿತ್ತು.

ಸಾಲಿಗ್ರಾಮದ ಪ್ರಸಂಗವನ್ನು ನೋಡಿ. ಜಗನ್ನಾಥ ಮನೆತನದ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು ಹೊಲೆಯರ ಹುಡುಗರಿಗೆ ಮುಟ್ಟಿ ಎನ್ನುತ್ತಾನೆ. ಅವರು ಹೆದರಿ ಹಿಂದೆ ಸರಿಯುತ್ತಾರೆ. ಅವನಿಗೆ ಸಿಟ್ಟು ಬರುತ್ತದೆ. ಕಡೆಗೆ ಗದರಿಸಿ ಮುಟ್ಟಿಸುತ್ತಾನೆ. ಬಿಡುಗಡೆಯ ಹೆಸರಿನಲ್ಲಿ ನಡೆದದ್ದು ಒಡೆಯನ ಇನ್ನೊಂದು ಆಜ್ಞೆ. ಅನಂತಮೂರ್ತಿ ಇದನ್ನು ಮುಚ್ಚಿಡುವುದಿಲ್ಲ. ತನ್ನೊಳಗಿನ ಕ್ರೌರ್ಯ ಜಗನ್ನಾಥನಿಗೇ ಕಾಣುವಂತೆ ಮಾಡುತ್ತಾರೆ. ಈ ಪ್ರಾಮಾಣಿಕತೆಗಾಗಿ ಕಾದಂಬರಿ ಇವತ್ತಿಗೂ ಓದಿಸಿಕೊಳ್ಳುತ್ತದೆ. ಜಗನ್ನಾಥನಿಗೆ ಬೇಕಿರುವುದು ಸಾಲಿಗ್ರಾಮದಿಂದ ತನಗೆ ಬಿಡುಗಡೆ. ಅದಕ್ಕೆ ಬೇರೆಯವರ ಕೈ ಬೇಕಾಗಿದೆ. ಅವನು ತನ್ನ ಕ್ರಾಂತಿಯ ಲೆಕ್ಕ ಒಪ್ಪಿಸುವುದು ಇಂಗ್ಲೆಂಡಿನಲ್ಲಿರುವ ಮಾರ್ಗರೆಟ್‌ಗೆ, ಪತ್ರಗಳಲ್ಲಿ. ಗುಡಿಯ ಮುಂದೆ ನಿಂತು ಪೆಟ್ಟು ತಿನ್ನಬೇಕಾದ ಪಿಳ್ಳನಿಗೆ ಅಲ್ಲ. ಅವ್ವ ಕೇಳಿದ್ದು ಇದನ್ನೇ. ಮಾತು ಕೇಳಬೇಕಾದದ್ದು ಯಾರದು?

ಆದರೆ ಜಗನ್ನಾಥನ ಕುರುಡನ್ನು ತೋರಿಸುವ ಕಾದಂಬರಿಗೂ ಒಂದು ಕುರುಡಿದೆ. ನಾವು ಕೊನೆಯವರೆಗೂ ಜಗನ್ನಾಥನ ತಲೆಯೊಳಗೇ ಇರುತ್ತೇವೆ. ಪಿಳ್ಳ ರಾತ್ರಿ ಗುಡಿಸಲಿಗೆ ಹೋಗಿ ಹೆಂಗಸರಿಗೆ ಏನು ಹೇಳಿದ, ಅವರು ಏನೆಂದರು, ಗುಡಿಗೆ ಹೋಗುವುದೋ ಬೇಡವೋ ಎಂದು ಅಲ್ಲಿ ಜಗಳವಾಯಿತೋ, ಇದ್ಯಾವುದೂ ನಮಗೆ ಕೇಳುವುದಿಲ್ಲ. ಕೊನೆಗೆ ಲಿಂಗವನ್ನು ಕಿತ್ತು ನದಿಗೆ ಎಸೆಯುವವನೂ ಅರ್ಚಕರ ಮಗನೇ. ಮೇಲಿನವರ ಒಳಜಗಳದಲ್ಲಿ ಕೆಳಗಿನವರ ಪ್ರವೇಶ ಅರ್ಥ ಕಳೆದುಕೊಳ್ಳುತ್ತದೆ.

ಆ ಗುಡಿಸಲಿನೊಳಗಿನ ಮಾತು ಕೇಳಬೇಕಾದರೆ ನಂಜನಗೂಡು ಸೀಮೆಗೇ ಬರಬೇಕು. ನಮ್ಮ ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಅವರ 'ಒಡಲಾಳ'ದಲ್ಲಿ ಯಾರೂ ಲಂಡನ್ನಿನಿಂದ ಬರುವುದಿಲ್ಲ. ಸಾಕವ್ವನ ಮನೆಗೆ ಹೊರಗಿನಿಂದ ಬರುವುದು ಪೊಲೀಸರು ಮಾತ್ರ. ಅದಕ್ಕೂ ಮುಂಚೆ ಆ ಮನೆಯವರು ಕದ್ದು ತಂದ ಕಡಲೆಕಾಯಿಯನ್ನು ಒಂದೇ ರಾತ್ರಿ ಕೂತು ತಿಂದು ಮುಗಿಸುತ್ತಾರೆ. ಹಸಿವು, ನಗು, ಜಾಣತನ, ಸಾಕ್ಷಿ ಅಳಿಸುವ ಎಚ್ಚರ, ಎಲ್ಲವೂ ಆ ರಾತ್ರಿಯಲ್ಲಿದೆ. ಜಗನ್ನಾಥ ಆ ರಾತ್ರಿ ಅಲ್ಲಿದ್ದಿದ್ದರೆ ಈ ಜನಕ್ಕೆ ಧೈರ್ಯ ತುಂಬಬೇಕು ಎಂದು ಯೋಚಿಸುತ್ತಿರಲಿಲ್ಲ. ಅವನಿಗೆ ಕಡಲೆಕಾಯಿ ಸುಲಿಯುವ ಕೆಲಸ ಸಿಗುತ್ತಿತ್ತು.

ಹಾಗಾದರೆ ಹೊರಗೆ ಹೋದವರಿಂದ ಏನೂ ಆಗದೇ? ಹಾಗೆಂದರೆ ಚರಿತ್ರೆಗೆ ದ್ರೋಹ. ಅಂಬೇಡ್ಕರ್ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಹೋದರು, ಆಮೇಲೆ ಲಂಡನ್ನಿನಲ್ಲಿ ಓದಿದರು. 1927ರಲ್ಲಿ ಮಹಾಡದ ಚವದಾರ ಕೆರೆಯ ನೀರು ಮುಟ್ಟಿದರು. ಜಗನ್ನಾಥನೂ ಮುಟ್ಟಿಸಲು ಹೊರಟವನೇ. ವ್ಯತ್ಯಾಸ ಇಷ್ಟು: ಅಂಬೇಡ್ಕರರಿಗೆ ಆ ಬಾಯಾರಿಕೆ ತಮ್ಮದೇ ಆಗಿತ್ತು. ಬೇರೆಯವರಿಗೆ ಮುಟ್ಟಿ ಎಂದು ಆಜ್ಞೆ ಮಾಡದೆ ಅವರು ಜೊತೆಗೆ ಕುಡಿದರು.

ಹಾಗಾದರೆ ಸ್ವಂತ ಬಾಯಾರಿಕೆ ಇಲ್ಲದವರು? ಅದಕ್ಕೆ ಕನ್ನಡದ್ದೇ ಒಂದು ಉದಾಹರಣೆಯಿದೆ. 1975ರ ತುರ್ತುಪರಿಸ್ಥಿತಿಯಲ್ಲಿ ಎಸ್.ಆರ್. ಹಿರೇಮಠ ಷಿಕಾಗೋದಲ್ಲಿದ್ದರು. ಅಲ್ಲಿನ ಭಾರತೀಯರು 'ಇಂಡಿಯನ್ಸ್ ಫಾರ್ ಡೆಮಾಕ್ರಸಿ' ಎಂಬ ಸಂಘಟನೆ ಕಟ್ಟಿ ಸರ್ವಾಧಿಕಾರದ ವಿರುದ್ಧ ದನಿಯೆತ್ತಿದಾಗ ಅವರೂ ಮುಂದಿದ್ದರು. ಸರ್ಕಾರ ಅವರ ಪಾಸ್‌ಪೋರ್ಟನ್ನು ಮುಟ್ಟುಗೋಲು ಹಾಕಿತು. ಇಲ್ಲಿ ಪತ್ರಿಕೆಗಳ ಬಾಯಿ ಕಟ್ಟಿದ್ದಾಗ ದೂರದಲ್ಲಿದ್ದವರು ಆಡಿದ ಮಾತಿಗೆ ಬೆಲೆಯಿತ್ತು, ಯಾಕೆಂದರೆ ಅದಕ್ಕೆ ಬೆಲೆ ತೆರಬೇಕಾಯಿತು. ಹೊರಗಿನವರು ಮಾಡಬಹುದಾದ ಮೊದಲ ಕೆಲಸ ಬಹುಶಃ ಇದೇ. ಊರಿನಲ್ಲಿ ಆಡಲಾಗದ ಮಾತನ್ನು ಹೊರಗೆ ಆಡುವುದು.

1979ರಲ್ಲಿ ಹಿರೇಮಠ ದಂಪತಿ ಮರಳಿ ಬಂದು ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಲ್ಲಿ ಕೆಲಸ ಆರಂಭಿಸಿದರು. 1984ರಲ್ಲಿ ಸಮಾಜ ಪರಿವರ್ತನ ಸಮುದಾಯ ಹುಟ್ಟಿತು. ರೈತರ, ಬಡವರ ಬಳಕೆಯಲ್ಲಿದ್ದ ಸಾಮೂಹಿಕ ಭೂಮಿಯನ್ನು ನೀಲಗಿರಿ ಬೆಳೆಯಲು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಟ್ಟಾಗ, 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಸಸಿ ನೆಟ್ಟರು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಆ ಕಂಪನಿಯನ್ನೇ ಮುಚ್ಚಬೇಕಾಯಿತು. ಹೊರಗಿನ ಓದು, ಕಾನೂನು, ಸಂಪರ್ಕ ಎಲ್ಲವೂ ಈ ಹೋರಾಟಕ್ಕೆ ಬಂದವು. ಆದರೆ ಸಸಿ ಕಿತ್ತ ಕೈ ಆ ನೆಲದವರದೇ. ಯಾವ ಸಸಿ ನೆಡಬೇಕೆಂದು ಗೊತ್ತಿದ್ದದ್ದೂ ಅವರಿಗೇ.

ಇದರ ಮಗ್ಗುಲಲ್ಲಿ ಇಥಿಯೋಪಿಯಾವನ್ನು ಇಟ್ಟು ನೋಡಬಹುದು. 1974ರ ಕ್ರಾಂತಿಯ ನಂತರದ ಹಿಂಸೆಯಿಂದ ಚದುರಿದ ಅಲ್ಲಿನ ಜನ ವಾಷಿಂಗ್‌ಟನ್ನಿನ ಸುತ್ತ ದೊಡ್ಡ ಸಮುದಾಯವಾಗಿ ಬೆಳೆದರು. ದೇಶದೊಳಗೆ ಮಾಧ್ಯಮವನ್ನು ಹತ್ತಿಕ್ಕಿದ್ದಾಗ 2010ರಲ್ಲಿ ಹೊರಗಿನಿಂದಲೇ 'ಎಸಾಟ್' ಎಂಬ ಉಪಗ್ರಹ ಟಿವಿ ನಡೆಸಿದರು. 2018ರಲ್ಲಿ ಪ್ರಧಾನಿ ಅಬಿಯ್ ಅಹ್ಮದ್ ಅಮೆರಿಕಕ್ಕೇ ಹೋಗಿ ದಿನಕ್ಕೊಂದು ಡಾಲರ್ ಕೊಡಿ ಎಂದು ಕೇಳಿದರು. 2020ರ ನವೆಂಬರಿನಲ್ಲಿ ಟಿಗ್ರೇ ಯುದ್ಧ ಶುರುವಾದಾಗ ಅದೇ ಸಮುದಾಯ ಒಡೆದು, ಪರ ವಿರೋಧದ ಮೆರವಣಿಗೆಗಳು ಪರದೇಶದ ಬೀದಿಗಳಲ್ಲಿ ನಡೆದವು. ದೂರದ ಪ್ರೀತಿ ಬೆಳಕನ್ನೂ ಕಳಿಸುತ್ತದೆ, ಬೆಂಕಿಯನ್ನೂ ಕಳಿಸುತ್ತದೆ. ಬೆಂಕಿ ಹತ್ತಿದಾಗ ಸುಡುವುದು ಮಾತ್ರ ಊರಲ್ಲಿರುವವರ ಮನೆ.

ನಮ್ಮಲ್ಲಿ ಮನೆ ಸುಟ್ಟುಕೊಂಡವರ ನೆನಪು ದೂರದ್ದಲ್ಲ. ನಂಜನಗೂಡು ತಾಲ್ಲೂಕಿನ ಬದನವಾಳಿಗೆ ಗಾಂಧಿ 1927ರಲ್ಲಿ ಖಾದಿಗಾಗಿ ಬಂದಿದ್ದರು. ಅದೇ ಊರಿನಲ್ಲಿ 1993ರಲ್ಲಿ ಸಿದ್ಧೇಶ್ವರ ಗುಡಿ ಪ್ರವೇಶದ ಪ್ರಶ್ನೆಯ ಬೆನ್ನಿಗೆ ಮೂವರು ದಲಿತರ ಕೊಲೆಯಾಯಿತು. ದಲಿತರ ಕೇರಿಗೂ ಲಿಂಗಾಯತರ ಬೀದಿಗೂ ನಡುವಿನ ದಾರಿ ಮುಚ್ಚಿಹೋಯಿತು. ಅದು ಮತ್ತೆ ತೆರೆದದ್ದು 2022ರ ಅಕ್ಟೋಬರ್ 2ರಂದು, ಭಾರತ್ ಜೋಡೋ ಯಾತ್ರೆ ಅಲ್ಲಿಗೆ ಬಂದ ದಿನ. ಹೊರಗಿನಿಂದ ಬಂದ ಅತಿಥಿ ಒಂದು ನೆಪವಾಗಬಲ್ಲ, ಅದು ಸಣ್ಣ ಮಾತಲ್ಲ. ಆದರೆ ಅತಿಥಿ ಸಂಜೆಗೆ ಹೊರಡುತ್ತಾನೆ. ಮರುದಿನದಿಂದ ಆ ದಾರಿಯಲ್ಲಿ ನಡೆಯಬೇಕಾದವರು ಎರಡೂ ಬೀದಿಯವರು. 'ಭಾರತೀಪುರ'ದ ಗುಡಿ ಪ್ರವೇಶವನ್ನು ಒಂದು ರೂಪಕವೆಂದು ಓದುವ ಸೌಕರ್ಯ ನಮ್ಮ ಸೀಮೆಯ ಓದುಗರಿಗೆ ಇಲ್ಲ.

ಈಗ ಅಣ್ಣನ ಮಾತಿಗೆ ಬರುತ್ತೇನೆ. ಅವನು ಈಗ ಅಮೆರಿಕದ ಪ್ರಜೆ, ಇಲ್ಲಿ ಅವನಿಗೆ ಓಟಿಲ್ಲ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡ ಅನಿವಾಸಿಗಳಿಗೆ 2010ರ ತಿದ್ದುಪಡಿ ಓಟು ಕೊಟ್ಟಿದೆ, ಆದರೆ ಮತಗಟ್ಟೆಗೆ ತಾವೇ ಬಂದು ಹಾಕಬೇಕು. ಕಾನೂನು ಇಲ್ಲಿ ಒಂದು ವಿವೇಕದ ಮಾತನ್ನೂ ಹೇಳುತ್ತಿದೆ ಅನ್ನಿಸುತ್ತದೆ: ನಿನ್ನ ಮಾತು ಎಣಿಕೆಗೆ ಬರಬೇಕಾದರೆ ಬಂದು ಸಾಲಿನಲ್ಲಿ ನಿಲ್ಲು. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಗುರುತಿನ ಮೇಲೆ ನಡೆಯುವುದಿಲ್ಲ. ಆದರೂ ಎಷ್ಟೋ ಊರುಗಳಲ್ಲಿ ಸ್ಥಾನಗಳು ಹರಾಜಾಗುತ್ತವೆ. ದೇವಸ್ಥಾನಕ್ಕೆ ಹೆಚ್ಚು ದುಡ್ಡು ಕೊಟ್ಟವನು ಅವಿರೋಧ ಆಯ್ಕೆಯಾಗುತ್ತಾನೆ. ಅಣ್ಣನ ದುಡ್ಡು ಒಳ್ಳೆಯ ಮನಸ್ಸಿನಿಂದಲೇ ಬಂದರೂ ಆ ಹರಾಜಿನಲ್ಲಿ ಇನ್ನೊಂದು ಕೂಗಾಗುತ್ತದೆ, ಅಷ್ಟೇ.

ಅವನು ಮಾಡಬಹುದಾದದ್ದು ಬೇರೆ ಇದೆ. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿದಾಗ ಅಲ್ಲಿನ ಭಾರತೀಯರೇ ಪರ ವಿರೋಧ ನಿಂತರು. ಊರು ಬದಲಾಗಬೇಕೆನ್ನುವವರು ಆ ಸಾಲಿನಲ್ಲಿ ಯಾವ ಕಡೆ ನಿಂತಿದ್ದರು? ಅಲ್ಲಿ ಆಡಬೇಕಾದ ಮಾತು ಆಡಿದರೆ ಇಲ್ಲಿಗೂ ಕೇಳಿಸುತ್ತದೆ. ಇಲ್ಲಿಗೆ ದುಡ್ಡು ಕಳಿಸುವುದಾದರೆ ಅಭ್ಯರ್ಥಿಯ ಜೇಬಿಗೆ ಬೇಡ. ಮಕ್ಕಳ ಓದಿಗೆ, ಲೈಬ್ರರಿಗೆ, ಯಾವ ಮಗುವಿನ ನಿಷ್ಠೆಯನ್ನೂ ಕೊಳ್ಳದ ಹಾಗೆ ಕೊಡಲಿ. ನನ್ನ ಓದಿಗೆ ಅವನು ಕೊಟ್ಟದ್ದು ಹಾಗೆಯೇ. ಅದಕ್ಕೇ ಇವತ್ತು ಅವನ ಮಾತಿಗೆ ಇಲ್ಲ ಅನ್ನುವ ಶಕ್ತಿ ನನಗೆ ಬಂದಿದೆ. ಇದಕ್ಕಿಂತ ದೊಡ್ಡ ಕೊಡುಗೆ ನನಗೆ ಗೊತ್ತಿಲ್ಲ.

ಅಣ್ಣ ಇದನ್ನು ಓದುತ್ತಾನೆ. ಬೇಜಾರೂ ಆಗಬಹುದು. ಆದರೂ ಹೇಳುತ್ತೇನೆ: ಮುಂದಿನ ಸಲ ರಜೆಗೆ ಬರುವಾಗ ಗ್ರಾಮಸಭೆ ಇರುವ ದಿನ ನೋಡಿಕೊಂಡು ಬಾ, ಅಣ್ಣ. ವೇದಿಕೆಯ ಮೇಲೆ ಕುರ್ಚಿ ಹಾಕಲು ಬರುತ್ತಾರೆ, ಬೇಡ ಅನ್ನು. ಹೆಂಗಸರು ಹಿಂದೆ ಕೂತಿರುತ್ತಾರೆ. ಅವ್ವನ ಪಕ್ಕ ಜಾಗ ಇರುತ್ತದೆ. ಅಲ್ಲಿ ಕೂತು, ಮೊದಲು ಕೇಳು.