ಹಿಂದಿನ ಸಾಲಿನಲ್ಲಿ ಕೂತ ಮಾಸ್ತರರು

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದವಳು ಜಾಜ್ ಸಂಗೀತ ಕೇಳಿ ಬಂದೆ ಎಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ದೊಡ್ಡ ನಗೆಯೆದ್ದಿತು. “ಅಂಟಿನುಂಡಿ ಕಟ್ಟಿ ಕೊಟ್ಟು ಬರ್ತೀರಿ ಅಂದ್ರ, ಡ್ರಮ್ ಬಾರಿಸಿ ಬಂದೀರೇನ್ರಿ ಟೀಚರ?” ಎಂದು ಗಣಿತದ ಟೀಚರು ಕೇಳಿದರು. ಅಂಟಿನುಂಡಿಯನ್ನೂ ಕಟ್ಟಿದೆ, ಕೂಸಿಗೆ ಎಣ್ಣೆ ಹಚ್ಚಿ ಎರೆದೂ ಬಂದೆ. ಆದರೂ ಆ ಮೂರು ತಿಂಗಳಲ್ಲಿ ನನಗಾಗಿಯೇ ಸಿಕ್ಕ ಒಂದು ಸಂಜೆಯ ಬಗ್ಗೆ ಬರೆಯದೆ ಇರಲಾರೆ.

2023ರ ಏಪ್ರಿಲ್ ಕೊನೆಯ ವಾರ. ಬಾಸ್ಟನ್ನಿನಲ್ಲಿ ಗಿಡಗಳು ಚಿಗುರಿದ್ದರೂ ಸ್ವೆಟರ್ ಬಿಡುವಂತಿರಲಿಲ್ಲ. “ಅವ್ವಾ, ನೀ ಒಂದು ಸಂಜೀ ಹೊರಗ ಹೋಗಿ ಬಾ, ಕೂಸಿನ್ನ ನಾ ನೋಡ್ಕೋತೀನಿ” ಎಂದು ಮಗಳು ನನ್ನನ್ನು ಅಳಿಯನ ಜೊತೆ ಹೊರಡಿಸಿದಳು. ಅಲ್ಲಿನ ಸಂಗೀತ ವಿದ್ಯಾಲಯವೊಂದರಲ್ಲಿ ವಿದ್ಯಾರ್ಥಿಗಳ ಜಾಜ್ ಕಛೇರಿ, ಟಿಕೆಟ್ ಇಲ್ಲ. ವಿದ್ಯಾಲಯದ ಹೆಸರು ಹೇಳುವುದಿಲ್ಲ. ಕಲಿಯುವ ಮಕ್ಕಳ ತಪ್ಪು ಎತ್ತಿ ಆಡುವಾಗ ಶಾಲೆಯ ಹೆಸರು ಹೇಳಬಾರದೆಂಬುದು ನಮ್ಮ ವೃತ್ತಿಯವರಿಗೆ ಗೊತ್ತಿರುವ ಮಾತು.

ಬಾಸ್ಟನ್ನಿಗೆ ಈ ವಿದ್ಯೆ ಹೊಸದೇನಲ್ಲ. ಬರ್ಕ್ಲಿ ಎಂಬ ಜಾಜ್ ಕಲಿಸುವ ಶಾಲೆ 1945ರಲ್ಲೇ ಬೇರೆ ಹೆಸರಿನಲ್ಲಿ ಅಲ್ಲಿ ಆರಂಭವಾಗಿತ್ತು. ಅದೇ ಊರಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿ 1867ರಷ್ಟು ಹಳೆಯದು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಆ ಮಡಿ ಮನೆಯೊಳಗೆ ಜಾಜ್ ವಿಭಾಗವನ್ನು ತಂದವರು ಗುಂಥರ್ ಶುಲ್ಲರ್, 1969ರಲ್ಲಿ. ಕರಿಯರ ಬೀದಿಗಳಲ್ಲಿ, ಕುಣಿತದ ಮನೆಗಳಲ್ಲಿ, ಇಡೀ ರಾತ್ರಿ ನುಡಿಸಿ ನುಡಿಸಿ ಬೆಳೆದ ಸಂಗೀತಕ್ಕೆ ಹೀಗೆ ಹಾಜರಿ ಪುಸ್ತಕ, ಪರೀಕ್ಷೆ, ಪದವಿ ಎಲ್ಲ ಬಂದವು. ಫೀಸೂ ಬಂತು. ಒಂದು ವರ್ಷದ ಫೀಸನ್ನು ಅಳಿಯ ರೂಪಾಯಿಗೆ ತಿರುಗಿಸಿ ಹೇಳಿದಾಗ, ಅಷ್ಟರಲ್ಲಿ ನಮ್ಮೂರಲ್ಲಿ ಒಂದು ಮನೆ ಕಟ್ಟಿಸಬಹುದಲ್ಲ ಎಂದುಕೊಂಡೆ. ಅಂದು ನಾನು ಮನಸ್ಸಿಟ್ಟು ಕೇಳಿದ ಆರು ಮಂದಿಯ ತಂಡದಲ್ಲಿ ಕರಿಯ ಹುಡುಗ ಒಬ್ಬನೇ ಇದ್ದ.

ನಾಲ್ಕರಿಂದ ಏಳೆಂಟು ಮಂದಿಯ ಸಣ್ಣ ತಂಡಕ್ಕೆ ಕಾಂಬೊ ಎನ್ನುತ್ತಾರೆ. ಟ್ರಂಪೆಟ್, ಸ್ಯಾಕ್ಸೊಫೋನ್ ಮುಂದೆ. ಪಿಯಾನೊ, ಗಿಟಾರ್ ಪಕ್ಕಕ್ಕೆ. ಆಳೆತ್ತರದ ಡಬಲ್ ಬೇಸ್ ಮತ್ತು ಡ್ರಮ್ಸ್ ಹಿಂದೆ. ಪ್ರತಿ ತಂಡಕ್ಕೂ ಒಬ್ಬ ಮಾಸ್ತರರು. ಅವರು ವಾರಕ್ಕೊಮ್ಮೆ ತಾಲೀಮು ಮಾಡಿಸುತ್ತಾರೆ, ಚೀಟಿಯಲ್ಲಿ ತಂಡಕ್ಕೆ ಅವರದೇ ಹೆಸರು. ಆದರೆ ಕಛೇರಿಯ ದಿನ ಅವರು ವೇದಿಕೆ ಹತ್ತುವುದಿಲ್ಲ. ನಾನು ಹುಡುಕಿ ನೋಡಿದೆ. ನರೆತ ಗಡ್ಡದ ಒಬ್ಬ ಗೃಹಸ್ಥರು ಕೊನೆಯ ಸಾಲಿನಲ್ಲಿ, ನನ್ನಿಂದ ಎರಡು ಕುರ್ಚಿ ಆಚೆ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ಚಳಿ ಇರಬೇಕು ಎಂದುಕೊಂಡೆ.

ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿ ಬೆಳೆದ ನನಗೆ ಇದು ವಿಚಿತ್ರವಾಗಿ ಕಂಡಿತು. ನಮ್ಮಲ್ಲಿ ಗುರು ನಡುವೆ, ಶಿಷ್ಯ ಹಿಂದೆ. ತಂಬೂರಿ ಮೀಟುತ್ತ, ಗುರುಗಳು ಉಸಿರು ತೆಗೆದುಕೊಳ್ಳುವಾಗ ಮಾತ್ರ ಸ್ವರ ಹಿಡಿಯಬೇಕು. ಅದರ ಹೆಚ್ಚುಗಾರಿಕೆ ಅದಕ್ಕುಂಟು. ಹತ್ತು ವರ್ಷ ಬೆನ್ನ ಹಿಂದೆ ಕೂತವನ ಗಂಟಲಿಗೆ ಇಳಿಯುವುದು ಯಾವ ತರಗತಿಯಲ್ಲೂ ಸಿಕ್ಕುವುದಿಲ್ಲ. ಗಂಗೂಬಾಯಿ ಹಾನಗಲ್ಲರ ಹಿಂದೆ ಅವರ ಮಗಳು ಕೃಷ್ಣಾ ದಶಕಗಳ ಕಾಲ ಕೂತು ಹಾಡಿದರು. ತಾಯಿಗಿಂತ ಮೊದಲೇ, 2004ರಲ್ಲಿ, ತೀರಿಕೊಂಡರು. ಗಂಗೂಬಾಯಿಯವರ ಆ ಗಂಡುದನಿಯ ಪಕ್ಕದಲ್ಲಿ ಕೇಳಿಸುತ್ತಿದ್ದ ಇನ್ನೊಂದು ದನಿ ನನ್ನ ಕಿವಿಯಲ್ಲಿ ಈಗಲೂ ಇದೆ. ಆ ದನಿ ಒಂದೇ ಕೂತು ಒಂದು ಇಡೀ ರಾಗ ಹಾಡಿದ್ದನ್ನು ಮಾತ್ರ ನಾನು ಕೇಳಲಿಲ್ಲ.

ಜಾಜಿನಲ್ಲೂ ಮೊದಲು ಹೀಗೇ ಇತ್ತು. 1922ರಲ್ಲಿ ಕಿಂಗ್ ಆಲಿವರ್ ತನ್ನ ಶಿಷ್ಯ ಲೂಯಿ ಆರ್ಮ್‌ಸ್ಟ್ರಾಂಗನನ್ನು ಶಿಕಾಗೋಗೆ ಕರೆಸಿಕೊಂಡು ಎರಡನೆಯ ಕಾರ್ನೆಟ್ ನುಡಿಸಲು ಪಕ್ಕದಲ್ಲಿ ನಿಲ್ಲಿಸಿಕೊಂಡ. ಗುರುವಿನ ನೆರಳೇ ಸಾಕೆಂದು ಲೂಯಿ ಸುಖವಾಗಿದ್ದ. ಅದೇ ತಂಡದಲ್ಲಿ ಪಿಯಾನೊ ನುಡಿಸುತ್ತಿದ್ದ ಲಿಲ್ ಹಾರ್ಡಿನ್ 1924ರಲ್ಲಿ ಅವನನ್ನು ಮದುವೆಯಾದಳು, ಈ ಎರಡನೆಯ ಜಾಗ ಬಿಡು ಎಂದು ಬೆನ್ನುಹತ್ತಿದಳು. ಆ ವರ್ಷವೇ ಅವನು ಆಲಿವರನನ್ನು ಬಿಟ್ಟು ನ್ಯೂಯಾರ್ಕಿಗೆ ಹೋದ. ಮುಂದಿನದನ್ನು ಲೋಕವೇ ಬಲ್ಲದು. ಲಿಲ್ ತಾನೂ ಪದ ಕಟ್ಟಿದವಳು, ತಂಡ ನಡೆಸಿದವಳು. ಆದರೂ ಹೆಚ್ಚು ಮಂದಿ ಅವಳನ್ನು ನೆನೆಯುವುದು ಲೂಯಿಯ ಹೆಂಡತಿ ಎಂದೇ. ಗಂಡನನ್ನು ಮುಂದೆ ತಳ್ಳಿದವಳನ್ನು ಮುಂದೆ ತಳ್ಳುವವರು ಯಾರಿದ್ದರು?

ಇನ್ನು ಆ ಸಂಜೆಯ ಮಾತು. ಮೊದಲನೆಯ ತಂಡ ಎಷ್ಟು ವೇಗವಾಗಿ ನುಡಿಸಿತೆಂದರೆ ಅಳಿಯ ಬಾಯಿ ತೆರೆದುಕೊಂಡು ಕೂತ. ನನಗೆ ಬೇಸರವಾಯಿತು. ಒಂದು ತಪ್ಪೂ ಇಲ್ಲ, ಒಂದು ಮಾತೂ ಇಲ್ಲ. ಜಾಜಿನ ಕ್ರಮ ಕಷ್ಟದ್ದಲ್ಲ. ಮೊದಲು ಎಲ್ಲರೂ ಸೇರಿ ಪಲ್ಲವಿಯಂಥ ಒಂದು ಧಾಟಿ ನುಡಿಸುತ್ತಾರೆ. ಆಮೇಲೆ ಅದರ ಆವರ್ತನ ಸುತ್ತುತ್ತಿರುವಾಗಲೇ ಒಬ್ಬೊಬ್ಬರಾಗಿ ಆ ಕ್ಷಣಕ್ಕೆ ಹೊಳೆದದ್ದನ್ನು ಹೆಣೆಯಬೇಕು. ಕೊನೆಗೆ ಮತ್ತೆ ಪಲ್ಲವಿ. ಈ ಮಕ್ಕಳಿಗೆ ಹೊಳೆದದ್ದೆಲ್ಲ ಮನೆಯಲ್ಲೇ ಹೊಳೆದು ಬಂದಂತಿತ್ತು. ಅದಲ್ಲದೆ ಟ್ರಂಪೆಟ್ ಆಯಿತು, ಸ್ಯಾಕ್ಸೊಫೋನ್ ಆಯಿತು, ಗಿಟಾರ್ ಆಯಿತು ಎಂದು ಪ್ರತಿ ಹಾಡಿಗೂ ಅದೇ ಸಾಲು, ಹಾಜರಿ ಕೂಗಿದ ಹಾಗೆ. ಎಲ್ಲರಿಗೂ ಸಮ ಅವಕಾಶ ಕೊಡಬೇಕೆಂಬುದು ಶಾಲೆಯ ಧರ್ಮ. ಸಂಗೀತಕ್ಕೆ ಅದು ಸಲ್ಲುವುದಿಲ್ಲ. ಒಬ್ಬನಿಗೆ ಹೇಳುವುದಿಲ್ಲದಾಗ ಸುಮ್ಮನಿರಲು ಯಾರೂ ಅವರಿಗೆ ಕಲಿಸಿದಂತೆ ಕಾಣಲಿಲ್ಲ.

ಅವರ ಮುಂದಿನ ಸ್ಟ್ಯಾಂಡುಗಳ ಮೇಲೆ ದಪ್ಪನೆಯ ಪುಸ್ತಕಗಳಿದ್ದವು. ಅದರ ಕಥೆ ಕೇಳಿ ನಗು ಬಂತು. 1970ರ ದಶಕದಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳೇ ನೂರಾರು ಜಾಜ್ ಧಾಟಿಗಳನ್ನು ಬರೆದು, ಹಕ್ಕುದಾರರನ್ನು ಕೇಳದೆ, ಪ್ರತಿ ತೆಗೆದು ಕದ್ದು ಮಾರಿದ ಪುಸ್ತಕವಂತೆ ಅದು, ‘ರಿಯಲ್ ಬುಕ್’ ಎಂದು ಹೆಸರು. 2004ರಲ್ಲಷ್ಟೇ ಅದು ಕಾನೂನಿನ ಪ್ರಕಾರ ಅಚ್ಚಾಯಿತು. ಗೈಡಿನ ಹಾವಳಿ ನಮ್ಮ ಎಸ್ಸೆಸ್ಸೆಲ್ಸಿಗೆ ಮಾತ್ರ ಎಂದುಕೊಂಡಿದ್ದೆ!

ನರೆಗಡ್ಡದವರ ತಂಡ ಎರಡನೆಯದು. ಅದರಲ್ಲಿ ಬೇಸ್ ನುಡಿಸುವವಳು ಸಣ್ಣ ಆಳಿನ ಒಬ್ಬ ಹುಡುಗಿ, ತಂಡಕ್ಕೆಲ್ಲ ಅವಳೊಬ್ಬಳೇ ಹುಡುಗಿ. ವಾದ್ಯ ಅವಳಿಗಿಂತ ಎತ್ತರ. ಎರಡು ಹಾಡುಗಳಲ್ಲಿ ಅವಳು ನಮ್ಮ ತಬಲಾದವರು ಠೇಕಾ ಹಿಡಿದ ಹಾಗೆ ನಡೆ ಹಿಡಿದುಕೊಂಡು ನಿಂತಳು. ಅವಳ ಸರದಿ ಬಂದಾಗ ಒಂದೇ ಆವರ್ತನ ನುಡಿಸಿ ತಲೆಯಾಡಿಸಿ ಬಿಟ್ಟುಕೊಟ್ಟಳು. ಸ್ಯಾಕ್ಸೊಫೋನಿನ ಹುಡುಗ ಅದಕ್ಕೂ ಮುಂಚೆ ಐದು ಆವರ್ತನ ಊದಿದ್ದ. ಬೇಸಿನ ಸರದಿ ಎಂದರೆ ಸಭೆಯವರಿಗೆ ಕೆಮ್ಮುವ ಹೊತ್ತು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಕೂತವಳ ಊಟದ ಹಾಗೆ.

ಮೂರನೆಯದು ಥಲೋನಿಯಸ್ ಮಾಂಕ್ ಕಟ್ಟಿದ ‘ಬ್ಲೂ ಮಾಂಕ್’. ಹನ್ನೆರಡು ಬಾರ್‌ಗಳ ಬ್ಲೂಸ್ ಧಾಟಿ, ಬಾರಿಗೆ ನಾಲ್ಕು ಮಾತ್ರೆ. ನಾನು ಸೆರಗಿನೊಳಗೆ ಬೆರಳು ಎಣಿಸಿ ನೋಡಿದೆ. ನಲವತ್ತೆಂಟು ಮಾತ್ರೆ, ಸರಿಯಾಗಿ ಮೂರು ತೀನ್‌ತಾಲ್ ಆವರ್ತನ! ಅಲ್ಲಿಂದ ನನಗೆ ದಾರಿ ಸಿಕ್ಕಿತು. ಡ್ರಮ್ಸಿನ ಹುಡುಗ ಕೋಲು ಎತ್ತಿ ಎಣಿಕೆ ಹೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಆ ಹುಡುಗಿ, ಯಾರ ಮುಖವನ್ನೂ ನೋಡದೆ, ಒಬ್ಬಳೇ ಆರಂಭಿಸಿಬಿಟ್ಟಳು. ತೀರ ವಿಲಂಬಿತ. ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಜಾಗವೆಂದರೆ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲ ಆವರ್ತನ ಯಾರೂ ಸೇರಲಿಲ್ಲ. ಎರಡನೆಯದಕ್ಕೆ ಪಿಯಾನೊ ಅಲ್ಲೊಂದು ಇಲ್ಲೊಂದು ಸ್ವರ ಇಟ್ಟಿತು. ವೇಗ ಹೋದಮೇಲೆ ಹುಡುಗರ ಬಳಿ ಮನೆಯಿಂದ ತಂದದ್ದು ಯಾವುದೂ ಉಪಯೋಗಕ್ಕೆ ಬರಲಿಲ್ಲ. ಪುಸ್ತಕ ನೋಡುವುದನ್ನು ಬಿಟ್ಟು ಅವಳ ಕೈ ನೋಡತೊಡಗಿದರು. ಸ್ಯಾಕ್ಸೊಫೋನಿನವನು ಎರಡು ಕಡೆ ಎಡವಿದ, ಟ್ರಂಪೆಟ್ ಒಂದು ಸಮ್ ತಪ್ಪಿತು. ಆ ಸಂಜೆಯ ತಪ್ಪುಗಳೆಲ್ಲ ಈ ಒಂದು ಹಾಡಿನಲ್ಲೇ ಆದವು. ಸಂಗೀತ ಕೇಳಿದ್ದೂ ಅಲ್ಲೇ.

ಆಗ ನನಗೆ ನೆನಪಾದದ್ದು ನಮ್ಮ ಶಾಲೆಯ ಗ್ಯಾದರಿಂಗ್. ಬಹಳ ವರ್ಷಗಳ ಹಿಂದಿನ ಮಾತು. ಎಂಟನೆಯ ತರಗತಿಯ ಹುಡುಗಿಯೊಬ್ಬಳಿಗೆ ವಚನ ಕಲಿಸಿದ್ದೆ. ವೇದಿಕೆಯ ಮೇಲೆ ಎರಡನೆಯ ಸಾಲಿಗೆ ಅವಳು ನಾನು ಹೇಳಿಕೊಡದ ಒಂದು ಹರಕತ್ತು ಹಾಕಿದಳು. ಚೆನ್ನಾಗಿಯೇ ಇತ್ತು. ಪರದೆಯ ಪಕ್ಕದಲ್ಲಿ ನಿಂತಿದ್ದ ನಾನು ಕಣ್ಣು ಬಿಟ್ಟು, ಕೈಯಲ್ಲಿ ಜೋರಾಗಿ ತಾಳ ಹಾಕಿ ಅವಳನ್ನು ಸಾಲಿಗೆ ಎಳೆದೆ. ಬಂದಳು. ಮೊದಲ ಬಹುಮಾನವೂ ಬಂತು. ಮರುವರ್ಷ ಹೆಸರು ಬರೆಸಲು ಕರೆದರೆ “ಒಲ್ಲೆ ಟೀಚರ” ಎಂದಳು. ಹುಡುಗಿಗೆ ಹಮ್ಮು ಬಂದಿದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದವಳು ನಾನೇ.

ಮೂರನೆಯ ತಂಡದಲ್ಲಿ ಹಾಡುವ ಹುಡುಗಿ ಒಬ್ಬಳಿದ್ದಳು, ಒಳ್ಳೆಯ ದನಿ, ಒಳ್ಳೆಯ ಅಂಗಿ. ಹುಡುಗರು ನುಡಿಸುವಾಗ ಪಕ್ಕಕ್ಕೆ ಸರಿದು ನಗುತ್ತ ನಿಂತಿದ್ದಳು. ಹೆಚ್ಚು ಹೇಳಲು ನನಗೆ ತೋಚುವುದಿಲ್ಲ. ಈ ನಿಲ್ಲಿಸುವಿಕೆಯ ವಿಷಯ ಅಲ್ಲಿಯವರಿಗೂ ಗೊತ್ತಿದೆ. ಡ್ರಮ್ಸ್ ವಾದಕಿ ಟೆರಿ ಲಿನ್ ಕ್ಯಾರಿಂಗ್ಟನ್ 2018ರಲ್ಲಿ ಬರ್ಕ್ಲಿಯಲ್ಲಿ ಜಾಜ್ ಮತ್ತು ಲಿಂಗ ನ್ಯಾಯಕ್ಕೆಂದೇ ಒಂದು ಸಂಸ್ಥೆ ತೆರೆದರು. ಅದಕ್ಕೂ ಎಷ್ಟೋ ಮೊದಲು, 1940ರ ದಶಕದಲ್ಲಿ, ಪಿಯಾನೊ ವಾದಕಿ ಮೇರಿ ಲೂ ವಿಲಿಯಮ್ಸ್ ನ್ಯೂಯಾರ್ಕಿನ ಹಾರ್ಲೆಮ್ಮಿನ ತಮ್ಮ ಮನೆಯ ಬಾಗಿಲನ್ನು ಎಳೆಯ ವಾದಕರಿಗೆ ತೆರೆದಿಟ್ಟಿದ್ದರು. ಈ ಮಾಂಕನೂ ಅಲ್ಲಿಗೆ ಬರುತ್ತಿದ್ದ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಕಲಿಸುವ ಕೆಲಸ ಅವರಿಗೆ ಸಿಕ್ಕಿದ್ದು 1977ರಲ್ಲಿ, ಅರವತ್ತೇಳರ ವಯಸ್ಸಿಗೆ. ಸಾಯುವವರೆಗೂ, ಅಂದರೆ ಇನ್ನು ನಾಲ್ಕು ವರ್ಷ, ಕಲಿಸಿದರು.

ಮುಗಿದ ಮೇಲೆ ಅಳಿಯನನ್ನು ಮುಂದಿಟ್ಟುಕೊಂಡು ನರೆಗಡ್ಡದವರ ಬಳಿ ಹೋದೆ. ಮಾಂಕನ ಹಾಡನ್ನು ಅಷ್ಟು ನಿಧಾನವಾಗಿ ನುಡಿಸಲು ಹೇಳಿಕೊಟ್ಟದ್ದು ಬಹಳ ಹಿಡಿಸಿತು, ನಾನೂ ಟೀಚರಳೇ ಎಂದೆ. ಅವರು ಜೋರಾಗಿ ನಕ್ಕರು. ಹೇಳಿಕೊಟ್ಟದ್ದು ಇದರ ಎರಡರಷ್ಟು ವೇಗವಂತೆ. ಹನ್ನೆರಡು ವಾರ ಹಾಗೆಯೇ ತಾಲೀಮು ಮಾಡಿದ್ದರಂತೆ. ಹಾಗಾದರೆ ತಡೆಯಬೇಕು ಅನ್ನಿಸಲಿಲ್ಲವೇ ಎಂದು ಕೇಳಿದೆ. ಅನ್ನಿಸಿತು ಎಂದರು. ಅದಕ್ಕೇ ಕೈಗಳ ಮೇಲೆ ಕೂತಿರುತ್ತೇನೆ, ಹೊರಗಿದ್ದರೆ ತಾಳ ಹಾಕಿಬಿಡುತ್ತವೆ, ಅವಳು ನೋಡಿಬಿಡುತ್ತಾಳೆ ಎಂದರು.

ಆ ಹುಡುಗಿ ತನ್ನ ಬೇಸಿಗೆ ಗವಸು ಹಾಕಿ, ಬೆನ್ನಿಗೇರಿಸಿಕೊಂಡು ಬಾಗಿಲ ಕಡೆ ಬಂದಳು. ಅಳಿಯ ನೆರವಿಗೆಂದು ಕೈ ಚಾಚಿದ. ಅವಳು ಬೇಡವೆಂದಳು. ಮಾಸ್ತರರು ಬಾಗಿಲು ಹಿಡಿದುಕೊಂಡು ನಿಂತರು, ಅವಳು ಓರೆಯಾಗಿ ತಿರುಗಿ ವಾದ್ಯವನ್ನು ದಾಟಿಸಿಕೊಂಡು ಹೋದಳು. ಅಷ್ಟರಲ್ಲಿ ಮಗಳ ಫೋನ್ ಬಂತು, ಕೂಸು ಎದ್ದಿತ್ತು.